ಕುಲ್ಸುಂ ಆಪಾ ನಿಧಾನದ ಎಸ್ಎಸ್‌ಡಿ ಹುಡ್ಕಿದ್ದು

ಮಗಾ, ಈ ವಾಯ್ಸ್ ಮೆಸೇಜ್ ಇಯರ್‌ಫೋನ್ ಹಾಕ್ಕೊಂಡು ಕೇಳು. ಸ್ಪೀಕರಲ್ಲಿ ಹಾಕಿ ಬಸ್ಸಲ್ಲೆಲ್ಲ ಕೇಳ್ಸ್ಬೇಡ, ಇದು ಒಬ್ರ ಮನೆ ಒಳಗಿನ ವಿಷ್ಯ.

ಫ್ರೇಜರ್ ಟೌನಲ್ಲಿ ಮಾಸ್ಕ್ ರೋಡ್ ಹಿಂದೆ ಒಂದು ಗಲ್ಲಿ ಇದ್ಯಲ್ಲ, ಟೈಲರ್ ಅಂಗ್ಡಿ ಪಕ್ಕ ಮೆಟ್ಲು ಹತ್ತಿ ಹೋದ್ರೆ ಎರಡನೇ ಮಹಡೀಲಿ ಒಂದು ಮನೆ. ಮನೆ ಅಂದ್ರೆ ಒಂದು ರೂಮು, ಒಂದು ಅಡುಗೆಮನೆ, ಬಟ್ಟೆ ಒಣಗಾಕೋಕೆ ಮೊಳದಷ್ಟು ಬಾಲ್ಕನಿ. ಅಲ್ಲಿರೋದು ಕುಲ್ಸುಂ ಆಪಾ, ಅಂದ್ರೆ ಕುಲ್ಸುಂ ಅಕ್ಕ. ಪೂರ್ತಿ ಹೆಸ್ರು ಉಮ್ಮೆ ಕುಲ್ಸುಂ, ವಯಸ್ಸು ನಲವತ್ಮೂರು. ಕೆಲ್ಸ ಮದುವೆ ವಿಡಿಯೋ ಎಡಿಟಿಂಗು. ಅದ್ರಲ್ಲೂ ಬರೀ ಹೆಂಗಸ್ರ ಕಡೇದು.

ಅಂದ್ರೇನು ಗೊತ್ತಾ? ಆ ಕಡೆ ಎಷ್ಟೋ ಮದುವೇಲಿ ಹಾಲ್ ಮಧ್ಯ ಪರ್ದೆ ಇರತ್ತೆ. ಗಂಡಸ್ರ ಕಡೆ ಯಾರ್ ಬೇಕಾದ್ರೂ ಶೂಟ್ ಮಾಡ್ಲಿ, ಯಾರ್ ಬೇಕಾದ್ರೂ ನೋಡ್ಲಿ. ಪರ್ದೆ ಈ ಕಡೆ ಹಂಗಲ್ಲ. ಬುರ್ಖಾ ತೆಗೆದಿಟ್ಟು, ಒಡವೆ ಹಾಕ್ಕೊಂಡು, ಕೂದ್ಲು ಬಿಟ್ಕೊಂಡು, ಡೋಲಕ್ ಬಡ್ಕೊಂಡು ಹೆಂಗಸ್ರು ಅವ್ರ ಪಾಡಿಗೆ ಅವ್ರು ಇರ್ತಾರೆ. ಅಲ್ಲಿ ಕ್ಯಾಮೆರಾ ಹಿಡಿಯೋದೂ ಹುಡ್ಗೀನೇ, ಆಮೇಲೆ ಕೂತ್ಕೊಂಡು ಕತ್ತರಿಸಿ ಜೋಡ್ಸೋದೂ ಹೆಂಗಸೇ ಆಗ್ಬೇಕು. ಅಲಿಯಾ ಅಂತ ಒಬ್ಳು ಶೂಟ್ ಮಾಡ್ತಾಳೆ, ಮೆಮೊರಿ ಕಾರ್ಡು ಕವರಲ್ಲಿ ಅಂಟ್ಸಿ ಕೆಳಗಡೆ ಗೇಟ್ ಹತ್ರ ಕೊಟ್ಟು, "ಆಪಾ, ಇನ್ನೊಂದ್ ಫಂಕ್ಷನ್ ಇದೆ" ಅಂತ ಸ್ಕೂಟರ್ ತಿರುಗ್ಸ್ತಾಳೆ. ಶಿವಾಜಿನಗರದ ಸ್ಟುಡಿಯೋ ಓನರ್ ತೌಹೀದ್ ಇದಾನಲ್ಲ, ಆರ್ಡರ್ ಹಿಡ್ಯೋನು ಅವ್ನೇ, ಆದ್ರೆ ಆ ಕಾರ್ಡ್ ಒಳಗೆ ಏನಿದೆ ಅಂತ ಅವ್ನೂ ನೋಡಂಗಿಲ್ಲ.

ಹದಿನಾಲ್ಕು ವರ್ಷದಿಂದ ಇದೇ ಕೆಲ್ಸ. ಕಿವೀಗೆ ಹೆಡ್‌ಫೋನು, ಮುಂದೆ ಎರಡು ಸ್ಕ್ರೀನು. ಫ್ರೇಜರ್ ಟೌನು, ಶಿವಾಜಿನಗರ, ಆ ಕಡೆ ಟ್ಯಾನರಿ ರೋಡ್ ತನಕ ಯಾವ ಮನೆ ಹುಡ್ಗಿ ನಕ್ರೆ ಹಲ್ಲು ಮುಚ್ಕೋತಾಳೆ, ಯಾವ ಅತ್ತೆ ಬಿರಿಯಾನಿ ಬಡಿಸೋವಾಗ ಯಾರ್ ತಟ್ಟೇಗೆ ಒಳ್ಳೆ ಪೀಸ್ ಹಾಕ್ತಾಳೆ, ಎಲ್ಲಾ ಆಪಾಗೆ ಗೊತ್ತು. ಬೀದೀಗೆ ಬಂದ್ರೆ ಎಲ್ರೂ ಕಪ್ಪು ಬುರ್ಖಾ. ಆದ್ರೂ ನಡಿಗೆ ನೋಡಿ ಹೇಳ್ಬಿಡ್ತಾರೆ. ಒಂದಿನ ಮೊಟ್ಟೆ ಅಂಗ್ಡೀಲಿ ಒಬ್ರು ಪಕ್ಕ ಬಂದು ನಿಂತು ಒಂದ್ ಡಜನ್ ಕೇಳಿದ್ರು. ಬರೀ ದನಿ ಕೇಳ್ತಿದ್ದಂಗೇ ಆಪಾಗೆ ಗೊತ್ತಾಯ್ತು, ತಂಗೀನ ಕಳ್ಸ್ಕೊಡೋವಾಗ ಕಾಡಿಗೆ ಗಲ್ಲದ ತನಕ ಇಳಿಯೋ ಹಂಗೆ ಅತ್ತೋರು ಇವ್ರೇ ಅಂತ. ಆ ಅಳೂನ ಆಪಾ ಹನ್ನೊಂದ್ ಸಲ ಹಿಂದೆ ಮುಂದೆ ಓಡ್ಸಿ ನೋಡಿದ್ರು, ಎಲ್ಲಿ ಕಟ್ ಮಾಡ್ಲಿ ಅಂತ. "ತಂಗಿ ಹೆಂಗಿದಾಳೆ?" ಅಂತ ಕೇಳೋಕೆ ಬಾಯಿ ತನಕ ಬಂತು. ನುಂಗ್ಕೊಂಡ್ರು. ಪರ್ಸ್ ಹುಡ್ಕೋ ಥರ ಆ ಕಡೆ ತಿರುಗಿ ನಿಂತ್ರು.

ಅವ್ರೂ ಹಂಗೇ. ಆಪಾ ಯಾರು ಅಂತ ಗೊತ್ತಿರೋರು ಎದುರಿಗೆ ಸಿಕ್ರೆ ಸಲಾಂ ಹೇಳಿ ಬೇಗ ಬೇಗ ಹೋಗ್ಬಿಡ್ತಾರೆ. ದ್ವೇಷ ಏನಿಲ್ಲ ಗುರು. ಹೆರಿಗೆ ಮಾಡ್ಸಿದ ನರ್ಸು ಬಸ್ಸಲ್ಲಿ ಪಕ್ಕದ ಸೀಟಲ್ಲಿ ಸಿಕ್ದಂಗೆ, ಅಷ್ಟೇ. ಒಳ್ಳೇ ಹೆಂಗ್ಸು, ಆದ್ರೆ ಎಲ್ಲಾ ನೋಡ್ಬಿಟ್ಟಿದಾಳಲ್ಲ! ಅದಕ್ಕೇ ಮದುವೆಗೂ ಯಾರೂ ಕರಿಯಲ್ಲ. ನಾನೂರು ಮದುವೆ ನೋಡಿರೋರು ಹತ್ತು ವರ್ಷದಿಂದ ಒಂದು ಮದುವೆ ಊಟಾನೂ ಮಾಡಿಲ್ಲ.

ಅವ್ರದ್ದೂ ಒಂದ್ ಮದುವೆ ಆಗಿತ್ತು. ಹನ್ನೊಂದು ತಿಂಗ್ಳು ನಡೀತು. ಅದ್ರ ವಿಡಿಯೋ ಇಲ್ಲ, ಅವ್ರ ಅಬ್ಬಾ "ಅದೆಲ್ಲ ದಂಡ" ಅಂದಿದ್ರಂತೆ. ಅಬ್ಬಾ ಹೋದ್ರು, ಅಮ್ಮೀನೂ ಹೋದ್ರು. ತಮ್ಮ ಕಲ್ಯಾಣ ನಗರದಲ್ಲಿ ಇದಾನೆ, ಈದ್‌ಗೆ ಫೋನ್ ಮಾಡ್ತಾನೆ.

ಹಂಗಾದ್ರೆ ಆಪಾ ಮನೇಗೆ ಯಾರೂ ಬರೋದೇ ಇಲ್ವಾ ಅಂತೀಯಾ? ಬರ್ತಾರೆ. ಅಲ್ಲೇ ಇರೋದು ವಿಷ್ಯ.

ವಿಡಿಯೋ ಮುಗ್ದು ಪೆನ್‌ಡ್ರೈವ್ ಕೊಟ್ಟ ಮೇಲೆ, ಕಂಪ್ಯೂಟ್ರಲ್ಲಿ ಇರೋದೆಲ್ಲ ಅಳಿಸ್ಬೇಕು. ಒಂದು ತುಣುಕು ಉಳಿಯಂಗಿಲ್ಲ. ಆಪಾ ಬಾಯಲ್ಲಿ ಅಳಿಸ್ದೆ ಅಂದ್ರೆ ಸಾಕಾಗಲ್ಲ, ಆ ಮನೆ ಹಿರೀ ಹೆಂಗಸೊಬ್ರು ಬಂದು, ಪಕ್ಕ ಕೂತು, ಕಣ್ಣಾರೆ ನೋಡ್ಬೇಕು. ಈ ಪದ್ಧತಿ ಶುರು ಮಾಡಿದ್ದು ಆಪಾನೇ, ಮೊದಲ್ನೇ ವರ್ಷ. ಯಾರೋ ಅನುಮಾನ ಪಟ್ರು ಅಂತ "ಬನ್ನಿ, ಕೂತ್ಕೊಳ್ಳಿ, ನಿಮ್ ಮುಂದೇನೇ ಅಳಿಸ್ತೀನಿ" ಅಂದ್ರು. ಅದೇ ಅವ್ರ ಹೆಸ್ರಾಗೋಯ್ತು. "ಕುಲ್ಸುಂ ಹತ್ರ ಕೊಟ್ರೆ ಭಯ ಇಲ್ಲ" ಅಂತ.

ಹಳೇ ಹಾರ್ಡ್ ಡಿಸ್ಕಲ್ಲಿ ಬರೀ ಡಿಲೀಟ್ ಒತ್ತಿದ್ರೆ ಅಳ್ಸೋಗಲ್ಲ ಮಗಾ, ಒಳಗೆ ಹಂಗೇ ಇರತ್ತೆ, ಗೊತ್ತಿರೋನು ವಾಪಸ್ ತೆಗೀಬೋದು. ಅದಕ್ಕೆ ಅದ್ರ ಮೇಲೆ ಸುಮ್ನೆ ಸೊನ್ನೆ ಸೊನ್ನೆ ಅಂತ ತುಂಬ್ಸ್ಬೇಕು. ಒಂದು ಟಿಬಿ ಡಿಸ್ಕು, ಮದುವೆಗೇಂತಾನೇ ಇಟ್ಟಿದ್ದು, ಒಂದ್ಸಲಕ್ಕೆ ಒಂದೇ ಮದುವೆ. ಇಡೀ ಡಿಸ್ಕ್ ತುಂಬೋಕೆ ಮೂರು ಗಂಟೆ. ಕಟಕಟ ಕಟಕಟ ಅಂತ ಸದ್ದು ಬೇರೆ.

ಆ ಮೂರು ಗಂಟೆ ಬಂದೋರು ಏನ್ ಮಾಡ್ತಾರೆ ಹೇಳು? ಮೊದಲ್ನೇ ಹತ್ತು ನಿಮಿಷ ಸ್ಕ್ರೀನ್ ನೋಡ್ತಾರೆ. ಆಮೇಲೆ ಬುರ್ಖಾ ತೆಗೆದು ಕುರ್ಚಿ ಮೇಲೆ ಹಾಕ್ತಾರೆ. ಒಂದ್ ಟೀ ಆಗತ್ತೆ. ತಂದಿರೋ ಡಬ್ಬಿ ಬಿಚ್ತಾರೆ. ಅರ್ಧ ಗಂಟೆ ಆದ್ಮೇಲೆ ಮಾತು ಶುರು ಆಗತ್ತೆ ನೋಡು, ಮನೇಲಿ ಯಾರ ಹತ್ರಾನೂ ಆಡಕ್ಕಾಗದೇ ಇರೋ ಮಾತು. ಸೊಸೆ ಮೇಲೆ ಹೊಟ್ಟೆಕಿಚ್ಚು. ಎದೇಲೊಂದು ಗಂಟು, ಯಾರ್ಗೂ ಹೇಳಿಲ್ಲ. ಹದಿನೆಂಟ್ರಲ್ಲಿ ಇಷ್ಟ ಪಟ್ಟಿದ್ದ ಹುಡ್ಗ. ಹೆಂಗೂ ಇವ್ಳು ನಮ್ದೆಲ್ಲ ನೋಡಿದಾಳೆ, ಇದೊಂದೇನು ಮುಚ್ಚಿಡೋದು ಅಂತ ಅನ್ಸತ್ತೋ ಏನೋ. ಮೂರ್ ಗಂಟೆ ಆದ್ಮೇಲೆ ಎದ್ದು, ಆಪಾ ತಲೆ ಮೇಲೆ ಕೈಯಿಟ್ಟು, ಹೋಗ್ತಾರೆ. ಮತ್ತೆ ಬರಲ್ಲ. ಆದ್ರೆ ಮುಂದಿನ ಮದುವೆ ಮುಗಿಯತ್ತಲ್ಲ, ಇನ್ನೊಬ್ರು ಬರ್ತಾರೆ.

ವರ್ಷಕ್ಕೊಂದು ಮೂವತ್ ಸಲ. ಆಪಾ ಮನೇಲಿ ಎರಡನೇ ಕಪ್ಪು ಹೊರಗೆ ಬರೋದು ಆ ಮೂವತ್ ದಿನ ಮಾತ್ರ.

ಹಿಂಗಿರೋವಾಗ ಆ ಡಿಸ್ಕಿಗೆ ವಯಸ್ಸಾಯ್ತು. ಕಟಕಟ ಜೊತೆಗೆ ಕರ್ ಅಂತ ಇನ್ನೊಂದು ಸದ್ದು. ವಿಡಿಯೋ ಓಡ್ತಾ ಓಡ್ತಾ ನಿಂತೋಗೋದು, ಮದುಮಗಳು ಬಾಯಿ ತೆಗ್ದಿರೋ ಹಂಗೇ ಎರಡು ನಿಮಿಷ. ಮೇಲಿಂದ ಈಗೆಲ್ಲ ಫೋರ್‌ಕೆ ವಿಡಿಯೋ, ಫೈಲೆಲ್ಲ ಮೊದಲಿಗಿಂತ ಎಷ್ಟೋ ಪಟ್ಟು ದೊಡ್ಡದು. ತೌಹೀದ್ ಫೋನ್ ಮಾಡಿ ಕೂಗಾಡ್ದ.

"ಆಪಾ, ಪಾರ್ಟಿ ನನ್ ತಲೆ ತಿಂತಿದಾರೆ! ವಲೀಮಾ ಊಟ ಆಗಿ ತಿಂಗ್ಳಾಯ್ತು, ಹುಡ್ಗಿ ಬಸುರಿ ಆದ್ಮೇಲೆ ಮದುವೆ ವಿಡಿಯೋ ಕೊಡ್ತೀರಾ?"

"ಡಿಸ್ಕು ಸ್ವಲ್ಪ ಸತಾಯ್ಸ್ತಿದೆ ತೌಹೀದ್."

"ಸ್ವಲ್ಪ ಅಲ್ಲ ಆಪಾ, ಅದು ಅಜ್ಜಿ ಡಿಸ್ಕು. ಎಸ್ಎಸ್‌ಡಿ ಹಾಕ್ಸಿ, ಹೊಸ ಥರದ ಡಿಸ್ಕು, ಒಳಗೆ ತಿರುಗೋ ತಟ್ಟೇನೇ ಇಲ್ಲ. ಕಲ್ಯಾಣ ನಗರದಲ್ಲಿ ಮೂರು ಹುಡ್ಗೀರು ಟೀಮ್ ಮಾಡಿದಾರೆ, ನಾಲ್ಕೇ ದಿನಕ್ಕೆ ಕೊಡ್ತಾರಂತೆ. ಹಳೇ ಪರಿಚಯ ಅಂತ ಇನ್ನೂ ನಿಮ್ ಹತ್ರ ಬರ್ತಿದೀನಿ. ಮುಂದಿನ ತಿಂಗ್ಳ ತನಕ ನೋಡ್ತೀನಿ, ಆಮೇಲೆ ಆರ್ಡರೆಲ್ಲ ಅವ್ರಿಗೇ."

ಅವ್ನು ಕೆಟ್ಟೋನಲ್ಲ, ಬಾಯಿ ಜೋರು. ಆದ್ರೆ ಹೇಳಿದ್ದು ಮಾಡ್ತಾನೆ. ಆಪಾ ಮಾರನೇ ದಿನಾನೇ ಆಟೋ ಹತ್ತಿ ಹಲಸೂರಿಗೆ ಹೋದ್ರು. ಅಲ್ಲಿ ಮಧುಕರ್ ಅಂತ ಒಬ್ರದ್ದು ಕಂಪ್ಯೂಟರ್ ಅಂಗ್ಡಿ, ಆಪಾ ಸ್ಕ್ರೀನ್ ತಗೊಂಡಿದ್ದೂ ಅಲ್ಲೇ. ಬಾಗ್ಲಷ್ಟೇ ಅಗಲ ಅಂಗ್ಡಿ, ಒಳಗೆ ವೈರುಗಳ ಕಾಡು.

"ಬನ್ನಿ ಮೇಡಂ. ಏನ್ ಬೇಕು, ಎಂ ಡಾಟ್ ಟೂನಾ, ಸಾಟಾನಾ?" ಅಂದ್ರು ಮಧುಕರ್. "ಮಿಷನ್ ಯಾವ ಕಾಲದ್ದು ಮೇಡಂ?"

"ಹನ್ನೊಂದು ವರ್ಷ ಆಯ್ತು."

"ಹಂಗಾದ್ರೆ ಈ ಚೂಯಿಂಗ್ ಗಮ್ ಥರದ ಎಂ ಡಾಟ್ ಟೂ ಆಗಲ್ಲ, ಬೋರ್ಡಲ್ಲಿ ಜಾಗಾನೇ ಇರಲ್ಲ. ಅದ್ರ ಸ್ಪೀಡು ನಿಮ್ ಮಿಷನ್‌ಗೆ ಸುಮ್ನೆ ವೇಸ್ಟು. ಈ ಚಪ್ಪಟೆ ಡಬ್ಬಿ ಥರದ್ದು ತಗೊಳ್ಳಿ, ಸಾಟಾ. ಹಳೇ ವೈರೇ ಸಾಕು, ಸಿಕ್ಸಿದ್ರೆ ಮುಗೀತು." ಎರಡು ಡಬ್ಬಿ ತೆಗ್ದು ಕೌಂಟರ್ ಮೇಲಿಟ್ರು. "ಎರಡೂ ಒಂದೊಂದ್ ಟಿಬಿ. ಇದು ಕಮ್ಮಿ ರೇಟು, ಇದು ಒಂದೂವರೆ ಸಾವ್ರ ಜಾಸ್ತಿ."

"ಏನ್ ವ್ಯತ್ಯಾಸ?"

"ರಂಜಾನಲ್ಲಿ ನಿಮ್ ಮಾಸ್ಕ್ ರೋಡ್ ಹೋಟ್ಲು ನೋಡಿದೀರಲ್ಲ? ಈ ಕಮ್ಮೀದು ಮುಂದೆ ನಾಲ್ಕೇ ಟೇಬಲ್ ಇಟ್ಟಿರೋ ಹೋಟ್ಲು. ಮೊದಲು ಬಂದೋರ್ಗೆ ಪಟಾಪಟ್. ಟೇಬಲ್ ತುಂಬ್ತು ಅನ್ಕೊಳ್ಳಿ, ಆಮೇಲೆ ಬಂದೋರೆಲ್ಲ ಬೀದೀಲಿ ನಿಂತ್ಕೊಂಡು ಕಾಯ್ಬೇಕು. ದೊಡ್ ಫೈಲ್ ಹಾಕಿದ್ರೆ ತುಂಬ್ತಾ ತುಂಬ್ತಾ ನಿಮ್ ಹಳೇ ಡಿಸ್ಕಿಗಿಂತ ನಿಧಾನ ಆಗೋಗತ್ತೆ. ಈ ಜಾಸ್ತೀದು ಇಡೀ ಹಾಲು. ಕೊನೇವರ್ಗೂ ಒಂದೇ ಸ್ಪೀಡು. ಆಯಸ್ಸೂ ಜಾಸ್ತಿ, ಎಸ್ಎಸ್‌ಡಿಗೆ ಬರ್ದಷ್ಟೂ ಆಯಸ್ಸು ಸವೆಯತ್ತೆ ನೋಡಿ. ಇದು ಆರ್ನೂರು ಟಿಬಿ ಬರ್ಸ್ಕೊಳತ್ತೆ, ಅದು ಇನ್ನೂರು ಚಿಲ್ರೆ. ಇದಕ್ಕೆ ಐದು ವರ್ಷ ವಾರಂಟಿ."

"ವಾರಂಟೀಲಿ ಕೆಟ್ರೆ?"

"ಹಳೇದು ಕೊಡಿ, ಹೊಸದು ತಗೊಳ್ಳಿ."

"ಹಳೇದು ಕೊಡ್ಲೇಬೇಕಾ?"

"ಕೊಡ್ದೆ ಹೆಂಗ್ ಮೇಡಂ? ಕಂಪನಿಯೋರು ಸತ್ತಿರೋ ಡಿಸ್ಕ್ ನೋಡ್ಬೇಕಲ್ಲ."

"ಹಂಗಾದ್ರೆ ವಾರಂಟಿ ಬೇಡ. ಅದ್ರ ದುಡ್ಡು ಕಳೆದು ಹೇಳಿ."

ಮಧುಕರ್ ನಕ್ಕುಬಿಟ್ರು. "ಇಪ್ಪತ್ ವರ್ಷದಲ್ಲಿ ವಾರಂಟಿ ಬೇಡ ಅಂದೋರು ನೀವೊಬ್ರೇ. ಏನ್ ಮೇಡಂ, ಒಳಗೆ ಸ್ವಿಸ್ ಬ್ಯಾಂಕಾ?"

ಆಪಾ ನಗ್ಲಿಲ್ಲ. "ಮದುವೆ ವಿಡಿಯೋ. ಹೆಂಗಸ್ರದ್ದು. ಬೇರೆಯೋರ ಕೈಗೆ ಹೋಗಂಗಿಲ್ಲ. ಪ್ರತೀ ಸಲ ಪೂರ್ತಿ ತುಂಬ್ಸಿ ಅಳಿಸ್ತೀನಿ, ಮೂರು ಗಂಟೆ."

"ಅಯ್ಯೋ, ಎಸ್ಎಸ್‌ಡೀಲಿ ಹಂಗೆಲ್ಲ ಮಾಡ್ಬೇಡಿ!" ಮಧುಕರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ರು. "ತುಂಬ್ಸ್ದಷ್ಟೂ ಸವೆಯತ್ತೆ ಅಂದ್ನಲ್ಲ. ಇದ್ರ ಜೊತೆ ಒಂದು ಸಾಫ್ಟ್‌ವೇರ್ ಬರತ್ತೆ, ಸೆಕ್ಯೂರ್ ಎರೇಸ್ ಅಂತ. ಒಂದು ಗುಂಡಿ. ಡಿಸ್ಕ್ ತನ್ನಷ್ಟಕ್ಕೆ ತಾನೇ ಒಳಗಿಂದ ಪೂರ್ತಿ ಖಾಲಿ ಆಗತ್ತೆ, ಯಾರ್ ಬಂದ್ರೂ ವಾಪಸ್ ತೆಗ್ಯೋಕಾಗಲ್ಲ. ಒಂದೇ ನಿಮಿಷ ಮೇಡಂ! ಮೂರು ಗಂಟೆ ಕಾಯೋ ತಲೆನೋವೇ ಇಲ್ಲ."

ಆಪಾ ಆ ಡಬ್ಬೀನ ಕೈಯಲ್ಲಿ ಹಿಡ್ಕೊಂಡು ಎಷ್ಟೋ ಹೊತ್ತು ಹಿಂದೆ ಬರ್ದಿರೋ ಸಣ್ಣ ಅಕ್ಷರ ಓದ್ತಿದ್ರು. ಅದ್ರಲ್ಲಿ ಓದೋ ಅಂಥದ್ದೇನಿರ್ಲಿಲ್ಲ.

"ಒಂದ್ ನಿಮಿಷಾನಾ?" ಅಂದ್ರು.

"ಅದಕ್ಕಿಂತ ಕಮ್ಮಿ!" ಅಂದ್ರು ಮಧುಕರ್, ಖುಷೀಲಿ.

ತೌಹೀದ್ ಹೇಳಿದ ತಿಂಗ್ಳು ತಲೇಲಿತ್ತಲ್ಲ, ಆಪಾ ಒಳ್ಳೇದನ್ನೇ ತಗೊಂಡ್ರು. ವಾರದೊಳಗೆ ಇಷ್ಟ ಆಗ್ದಿದ್ರೆ ಬದ್ಲಾಯ್ಸ್ಕೊಡ್ತೀನಿ ಅಂದ್ರು ಮಧುಕರ್. ಮನೇಗೆ ಬಂದು ಕ್ಯಾಬಿನೆಟ್ ಬಿಚ್ಚಿ ತಾವೇ ಸಿಕ್ಸಿದ್ರು. ಹಳೇ ಡಿಸ್ಕಲ್ಲಿ ಅರ್ಧ ಆಗಿದ್ದ ಒಂದು ಮದುವೇನ ಹೊಸದಕ್ಕೆ ಕಾಪಿ ಮಾಡ್ಕೊಂಡು, ಹಳೇದನ್ನ ಕೊನೇ ಸಲ ಅಳಿಸೋಕೆ ಹಾಕಿದ್ರು. ಆ ಸಲ ನೋಡೋಕೆ ಯಾರನ್ನ ಕರೀಬೇಕು? ಯಾರ್ದೂ ಪಾಳಿ ಇರ್ಲಿಲ್ಲ. ಪಕ್ಕದ ಕುರ್ಚಿ ಖಾಲಿ, ಕಟಕಟ, ಮಧ್ಯೆ ಮಧ್ಯೆ ಕರ್. ಆಪಾ ಮೂರು ಗಂಟೇನೂ ಕೂತೇ ಇದ್ರು. ಆಮೇಲೆ ಡಿಸ್ಕ್ ಬಿಚ್ಚಿ, ಒಳಗಿನ ತಟ್ಟೇನ ಸುತ್ಗೇಲಿ ಹೊಡ್ದು ಮೂರ್ ಬೇರೆ ಬೇರೆ ಕಸದ ಚೀಲಕ್ಕೆ ಹಾಕಿದ್ರು.

ಹೊಸ ಎಸ್ಎಸ್‌ಡಿ ಅಂದ್ರೆ ಬೆಣ್ಣೆ ಮಗಾ. ವಿಡಿಯೋ ಎಲ್ಲೂ ತಡಿಯಲ್ಲ. ಉಳ್ದಿದ್ದ ಹತ್ತು ದಿನದ ಕೆಲ್ಸ ಮೂರ್ ದಿನಕ್ಕೆ ಮುಗ್ದು, ತೌಹೀದ್ ದಂಗಾಗಿ "ಮಾಷಾಲ್ಲಾ ಆಪಾ!" ಅಂತ ಮೆಸೇಜ್ ಹಾಕ್ದ. ಮೂರೇ ದಿನ. ಅಂದ್ರೆ ಮದುಮಗಳ ಜೊತೆ, ಅವ್ಳ ತಂಗೀರ ಜೊತೆ ಇನ್ನೂ ಹತ್ತು ದಿನ ಇರ್ಬೇಕಾಗಿದ್ದ ಆಪಾ, ಮೂರೇ ದಿನಕ್ಕೆ ಅವ್ರನ್ನೂ ಕಳ್ಸ್ಕೊಟ್ರು.

ಅಳಿಸೋಕೆ ಬಂದಿದ್ದು ಮದುಮಗಳ ಸೋದರತ್ತೆ ಹಮೀದಾ, ಆಪಾ ಬಾಯಲ್ಲಿ ಹಮೀದಾ ಖಾಲಾ. ಅರವತ್ತರ ಹತ್ರ ವಯಸ್ಸು, ಮಂಡಿನೋವು, ಎರಡು ಮಹಡಿ ಹತ್ತೋಷ್ಟ್ರಲ್ಲಿ ಉಸ್ರು ಬಿಡ್ತಾ ಇದ್ರು. ಕೈಯಲ್ಲಿ ಖೀಮಾ ಸಮೋಸ ಡಬ್ಬಿ. ಅವ್ರಿಬ್ರು ಮಾತಾಡಿದ್ದು ದಖನಿ ಉರ್ದೂಲಿ, ನೀನು ಕನ್ನಡದಲ್ಲಿ ಕೇಳು.

"ಯಾ ಅಲ್ಲಾ, ಕುಲ್ಸುಂ, ಇದು ನಿನ್ ಮನೇನಾ, ಮಿನಾರಾ! ಮೊದಲು ನೀರು ಕೊಡಮ್ಮ. ನಮ್ ಅತ್ತಿಗೆ ಹೇಳಿದಾರೆ, ಮೂರು ಗಂಟೆ ಆಗತ್ತೆ ಅಂತ. ನಾನು ಸಾಯಂಕಾಲದ ಅಸರ್ ನಮಾಜೂ ಇಲ್ಲೇ ಮಾಡ್ಕೊಂಡ್ ಹೋಗೋದು ಅಂತಾನೇ ಬಂದಿದೀನಿ."

"ಮಾಡಿ ಖಾಲಾ, ಮಾಡಿ." ಆಪಾ ನೀರು ಕೊಟ್ಟು, ಟೀ ಇಟ್ಟು, ಬಂದು ಕೂತ್ರು. ಫೋಲ್ಡರ್ ತೋರ್ಸಿದ್ರು. ಗುಂಡಿ ಒತ್ತಿದ್ರು. ಒಂದು ಗೆರೆ ಬಂತು, ಓಡ್ತು, ಮುಗೀತು.

ಹಮೀದಾ ಖಾಲಾ ಇನ್ನೂ ಬುರ್ಖಾ ಗುಂಡೀನೂ ಬಿಚ್ಚಿರ್ಲಿಲ್ಲ. "ಶುರು ಆಯ್ತಾ?"

"ಮುಗೀತು ಖಾಲಾ."

"ಏನ್ ಮುಗೀತು?"

"ಅಳಿಸಿದ್ದು. ಹೊಸ ಡಿಸ್ಕು, ಬೇಗ ಆಗತ್ತೆ."

ಖಾಲಾ ಸ್ಕ್ರೀನ್ ನೋಡಿದ್ರು, ಆಪಾ ಮುಖ ನೋಡಿದ್ರು. "ಸದ್ದೇ ಬರ್ಲಿಲ್ಲ."

"ಇದ್ರಲ್ಲಿ ಸದ್ದು ಬರಲ್ಲ."

"ನೋಡಮ್ಮ, ನಾನ್ ಓದಿರೋದು ಆರನೇ ಕ್ಲಾಸು. ಆದ್ರೆ ಬಟ್ಟೇಲಿ ಎಣ್ಣೆ ಕಲೆ ಹೋಗೋಕೇ ಅರ್ಧ ಗಂಟೆ ಉಜ್ಬೇಕು. ಎರಡು ದಿನದ ಮದುವೆ, ಇನ್ನೂರು ಹೆಂಗಸ್ರು, ಹಿಂಗಂದ್ರೆ ಹೋಗ್ಬಿಡತ್ತಾ?" ಚಿಟಿಕೆ ಹೊಡ್ದು ತೋರ್ಸಿದ್ರು. "ಎಲ್ರಿಗೂ ಮೂರ್ ಗಂಟೆ, ನಮಗೆ ಮಾತ್ರ ಒಂದ್ ನಿಮಿಷಾನಾ? ಮನೇಗೆ ಹೋಗಿ ನಾನ್ ಏನ್ ಹೇಳ್ಲಿ?"

ಆಪಾ ಬಾಯಿ ತೆಗ್ದ್ರು. ಮಧುಕರ್ ಹೇಳಿದ್ದೆಲ್ಲ ತಲೇಲಿತ್ತು, ಹೇಳ್ಬೋದಾಗಿತ್ತು. ಹದಿನಾಲ್ಕು ವರ್ಷದ ಹೆಸ್ರಿತ್ತು, ಅದನ್ನ ಮುಂದಿಟ್ಟು ನಂಬ್ಸ್ಬೋದಾಗಿತ್ತು. ಆದ್ರೆ ನಂಬಿದ್ರೆ ಖಾಲಾ ಎದ್ದು ಹೋಗ್ತಾರೆ. ಆಪಾ ಬಾಯಿಂದ ಬಂದಿದ್ದು ಬೇರೇನೇ.

"ಇದು ಮೊದಲ್ನೇ ಸಲ ತೊಳ್ದಿದ್ದು ಅಷ್ಟೇ ಖಾಲಾ. ಇನ್ನೂ ಮೂರ್ ಸಲ ತೊಳೀಬೇಕು."

"ಹಂಗ್ ಹೇಳು ಮತ್ತೆ!" ಖಾಲಾ ಬುರ್ಖಾ ತೆಗ್ದು, ಕಾಲು ಮಡ್ಚಿ ಮೇಲೆ ಕೂತು, ಡಬ್ಬಿ ಬಿಚ್ಚಿದ್ರು.

ಆಪಾ ಖಾಲಿ ಡಿಸ್ಕಿಗೆ ಸೊನ್ನೆ ತುಂಬೋಕೆ ಹಾಕಿದ್ರು. ಒಂದ್ಸಲಕ್ಕೆ ನಲವತ್ ನಿಮಿಷ, ಮೂರ್ ಸಲಕ್ಕೆ ಎರಡು ಗಂಟೆ. ಖಾಲಾ ಸಮೋಸ ತಿನ್ಸಿದ್ರು. ನಮಾಜ್ ಮಾಡಿದ್ರು. ಆಮೇಲೆ ತಮ್ಮ ಗಂಡ ಇನಾಯತ್ ಉಲ್ಲಾ ಕಿವುಡಾಗಿದ್ದು ಹೇಳಿದ್ರು. "ಮಾತಾಡ್ಸಿ ಮಾತಾಡ್ಸಿ ಸಾಕಾಗಿ ಈಗ ಮನೇಲಿ ನಾನೂ ಬಾಯಿ ಬಿಡಲ್ಲ ಕುಲ್ಸುಂ. ಇವತ್ ನೋಡು, ಎಷ್ಟು ಮಾತಾಡ್ದೆ!" ಅಂತ ಕಣ್ಣು ಒರೆಸ್ಕೊಂಡು ನಕ್ರು.

ಎಲ್ಲಾ ಮೊದಲಿನ ಹಂಗೇ. ಆದ್ರೆ ಆಪಾಗೆ ಒಂದು ಮಾತೂ ಒಳಗೆ ಇಳೀಲಿಲ್ಲ. ಕಣ್ಣು ಆ ಗೆರೆ ಮೇಲೇನೇ. ಖಾಲಿ ಪಾತ್ರೆ ತೊಳೀತಾ ಕೂತಿದೀನಿ, ಪಾಪ ಮಂಡಿನೋವಿನ ಹೆಂಗಸನ್ನ ಸುಳ್ಳು ಹೇಳಿ ಕಟ್ಟಾಕ್ಕೊಂಡಿದೀನಿ ಅಂತ. ಹದಿನಾಲ್ಕು ವರ್ಷದಲ್ಲಿ ಈ ರೂಮಲ್ಲಿ ಹೇಳಿದ ಮೊದಲ್ನೇ ಸುಳ್ಳು ಅದು. ಹೋಗೋವಾಗ ಖಾಲಾ ತಲೆ ಮೇಲೆ ಕೈಯಿಟ್ರೆ ಆಪಾ ಕುತ್ಗೆ ತಗ್ಗಿಸೇ ನಿಂತಿದ್ರು.

ಆಗ ಬಂತು ಆ ಐಡಿಯಾ. ಆ ಕಮ್ಮಿ ರೇಟಿನ ಡಿಸ್ಕು ತುಂಬ್ತಾ ತುಂಬ್ತಾ ನಿಧಾನ ಆಗತ್ತೆ ಅಂದ್ರಲ್ಲ ಮಧುಕರ್? ಅದಾಗಿದ್ರೆ ಒಂದೇ ಸಲ ತುಂಬೋಕೂ ಮೂರ್ ಗಂಟೆ ಬೇಕಾಗತ್ತೆ. ಇದು ನಿಧಾನದ ಡಿಸ್ಕು, ಮೂರ್ ಗಂಟೆ ಆಗತ್ತೆ ಅಂದ್ರೆ ಅದು ಸುಳ್ಳೂ ಆಗಲ್ಲ. ಡಿಸ್ಕ್ ಬಿಚ್ಚಿ ಬಟ್ಟೇಲಿ ಸುತ್ತಿ, ತಗೊಂಡ ಆರನೇ ದಿನ ಹಲಸೂರಿಗೆ ಹೋದ್ರು.

"ಏನ್ ಮೇಡಂ, ಏನಾದ್ರೂ ತೊಂದ್ರೆನಾ?"

"ಇಲ್ಲ, ಚೆನ್ನಾಗೇ ಇದೆ. ಆ ಇನ್ನೊಂದು ಕೊಡಿ, ನಿಧಾನದ್ದು."

ಮಧುಕರ್ ಕನ್ನಡಕ ತಲೆ ಮೇಲೆ ಏರ್ಸಿದ್ರು. "ಮೇಡಂ, ಸ್ಪೀಡ್ ಸಾಲ್ದು ಅಂತ ಬೈಯೋರ್ನ ನೋಡಿದೀನಿ. ದುಡ್ಡು ಸಾಲ್ದು ಅಂತ ಚೌಕಾಸಿ ಮಾಡೋರ್ನ ನೋಡಿದೀನಿ. ನಿಧಾನ ಬೇಕು ಅಂತ ಹುಡ್ಕೊಂಡ್ ಬಂದೋರ್ನ ಇವತ್ತೇ ನೋಡ್ತಿರೋದು. ದುಡ್ಡಿನ ವಿಷ್ಯ ಆದ್ರೆ ಹೇಳಿ, ಆಮೇಲ್ ಕೊಡಿ ಪರ್ವಾಗಿಲ್ಲ."

"ದುಡ್ಡಲ್ಲ."

"ಮತ್ತೆ?"

ಆಪಾ ಬಟ್ಟೆ ಗಂಟನ್ನ ಕೌಂಟರ್ ಮೇಲಿಟ್ರು. ಏನಂತ ಹೇಳ್ತಾರೆ? ಜನ ಕೂತ್ಕೊಳ್ಲಿ ಅಂತನಾ?

"ಆಯ್ತು, ನಿಮ್ಮಿಷ್ಟ." ಮಧುಕರ್ ಕಮ್ಮೀದನ್ನ ತೆಗ್ದಿಟ್ಟು, ಕೈ ಚಾಚಿದ್ರು. "ಅದನ್ನ ಕೊಡಿ. ಸೆಕ್ಯೂರ್ ಎರೇಸ್ ಮಾಡಿದೀರಾ?"

"ಮಾಡಿದೀನಿ."

"ಮುಗೀತಲ್ಲ. ಒಳಗೆ ಏನೂ ಇಲ್ಲ, ಹೊಸದು ಇದ್ದಂಗೆ. ಕೊಡಿ."

ಮಧುಕರ್ ಹೇಳಿದ್ದು ಸರೀನೇ. ಒಳಗೆ ಏನೂ ಇರ್ಲಿಲ್ಲ, ಅದು ಆಪಾಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೇ ನಿಮಿಷದಲ್ಲಿ ಖಾಲಿ ಆಗಿತ್ತು. ಅದನ್ನ ನಂಬಿದ್ರೆ ತಾನೇ ಗಂಡಸಿನ ಕೈಗೆ ಕೊಡೋಕಾಗೋದು? ಕೊಟ್ರೆ, ಒಂದು ನಿಮಿಷ ಸಾಕು ಅಂತ ಆಪಾನೇ ಒಪ್ಪ್ಕೊಂಡಂಗಾಯ್ತು. ಒಪ್ಪ್ಕೊಂಡ ಮೇಲೆ, ಅದೇ ಒಂದು ಗುಂಡಿ ಬಿಟ್ಟು, ಇನ್ನೊಬ್ರನ್ನ ಮೂರು ಗಂಟೆ ಕೂರ್ಸೋದು ಯಾವ ಮುಖ ಇಟ್ಕೊಂಡು? ನಿಧಾನದ ಡಿಸ್ಕು ತಗೊಂಡ್ರೂ ಸುಳ್ಳು ಸುಳ್ಳೇ. ಸ್ವಲ್ಪ ಜಾಣ ಸುಳ್ಳು, ಅಷ್ಟೇ.

ಬಟ್ಟೆ ಸುತ್ತಿದ್ದ ಡಿಸ್ಕ್ ಕೌಂಟರ್ ಮೇಲೆ ಇತ್ತು, ಆಪಾ ಕೈ ಅದ್ರ ಮೇಲಿತ್ತು.

"ಬೇಡ ಬಿಡಿ," ಅಂದ್ರು. "ಇದೇ ಇರ್ಲಿ. ನಿಮಗೆ ತೊಂದ್ರೆ ಕೊಟ್ಟೆ."

"ಅಯ್ಯೋ, ತೊಂದ್ರೆ ಏನ್ ಬಂತು ಮೇಡಂ. ಟೀ ಕುಡ್ದು ಹೋಗಿ," ಅಂದ್ರು ಮಧುಕರ್. ಆಪಾ ಬರೀ ತಲೆ ಆಡ್ಸಿ ಮೆಟ್ಲಿಳಿದ್ರು.

ಮುಂದಿನ ಮದುವೆ ನಾಲ್ಕು ದಿನಕ್ಕೆ ಮುಗೀತು. ಆ ಮನೆ ದೊಡ್ಡ ಸೊಸೆ ಜಹನಾರಾ, ಮೂವತ್ತೈದಿರ್ಬೋದು, ಇಂದಿರಾನಗರದಲ್ಲಿ ಯಾವ್ದೋ ಆಫೀಸಲ್ಲಿ ಕೆಲ್ಸ. ವಿಡಿಯೋದಲ್ಲೆಲ್ಲ ಅವ್ರೇ. ಡೋಲಕ್ ಬಡಿಯೋದು ಅವ್ರು, ಮುದುಕೀರ್ನ ಎಬ್ಸಿ ಕುಣಿಸೋದು ಅವ್ರು. ಈ ನಾಲ್ಕು ದಿನ ಹೆಡ್‌ಫೋನಲ್ಲಿ ಅವ್ರ ನಗು ಕೇಳಿ ಕೇಳಿ ಆಪಾನೂ ಒಂದೆರಡು ಸಲ ಒಬ್ರೇ ಜೋರಾಗಿ ನಕ್ಕುಬಿಟ್ಟಿದ್ರು. ಅಳಿಸೋಕೆ ಅತ್ತೆ ಬದ್ಲು ಅವ್ರೇ ಬರೋದು ಅಂತ ಗೊತ್ತಾಗಿ, ಆಪಾ ಹಿಂದಿನ ದಿನಾನೇ ಬೇಕರಿಯಿಂದ ಖೋವಾ ನಾನ್ ತಂದಿಟ್ಟಿದ್ರು.

ಬೆಳಗ್ಗೆ ಜಹನಾರಾ ಫೋನ್ ಬಂತು. "ಸಲಾಂ ಕುಲ್ಸುಂ ಆಪಾ! ವಿಡಿಯೋ ಸೂಪರ್! ಅತ್ತೆ ಮೂರ್ ಸಲ ನೋಡಿ ಮೂರ್ ಸಲಾನೂ ಅತ್ರು. ಇವತ್ತು ಅಳಿಸೋದಲ್ವಾ, ಮೂರ್ ಗಂಟೆ ಆಗತ್ತಂತೆ? ನಾನ್ ಹಾಫ್ ಡೇ ಹಾಕಿ ಬರ್ತೀನಿ."

ಸುಮ್ನಿದ್ದಿದ್ರೆ ಆಗಿತ್ತು ಮಗಾ. ಹೂಂ ಬನ್ನಿ ಅಂದಿದ್ರೆ ಸಾಕಿತ್ತು, ಹಾಫ್ ಡೇ ಹಾಕಿ ಬರ್ತಿದ್ರು.

"ಇಲ್ಲಮ್ಮ," ಅಂದ್ರು ಆಪಾ. "ಈಗ ಮೂರ್ ಗಂಟೆ ಬೇಡ. ಎಸ್ಎಸ್‌ಡಿ ಹಾಕ್ಸಿದೀನಿ. ಒಂದು ನಿಮಿಷ."

"ಓ, ಸೆಕ್ಯೂರ್ ಎರೇಸಾ? ನಮ್ ಆಫೀಸ್ ಲ್ಯಾಪ್‌ಟಾಪಲ್ಲೂ ಅದೇ ಮಾಡೋದು. ಹಂಗಾದ್ರೆ ನಾನ್ ಬರೋದೇ ಬೇಡ ಬಿಡಿ ಆಪಾ! ನೀವ್ ಇಷ್ಟು ನಿಜ ಹೇಳೋರು, ನಿಮ್ಮನ್ನ ನಂಬ್ದೆ ಇನ್ಯಾರ್ನ ನಂಬೋದು? ಅಲ್ಲೇ ಅಳಿಸ್ಬಿಡಿ. ಅತ್ತೆಗೆ ನಾನ್ ಹೇಳ್ತೀನಿ."

ಆಪಾ ಫೋನ್ ಈ ಕಿವಿಯಿಂದ ಆ ಕಿವಿಗೆ ಬದ್ಲಾಯ್ಸಿದ್ರು. ಆಮೇಲೆ, ಜೀವನದಲ್ಲಿ ಯಾವತ್ತೂ ಕೇಳ್ದೇ ಇದ್ದಿದ್ದನ್ನ ಕೇಳಿದ್ರು.

"ಅಳಿಸೋಕೆ ಅಂತಲ್ಲ ಜಹನಾರಾ. ಸುಮ್ನೆ ಬಾಮ್ಮ. ಟೀ ಕುಡ್ಯೋಕೆ."

ಫೋನಲ್ಲಿ ಹಿಂದೆ ಯಾರೋ ಟೈಪ್ ಮಾಡೋ ಸದ್ದು.

"ಟೀಗಾ ಆಪಾ? ಅದಕ್ಕೇನಂತೆ... ಇನ್‌ಶಾಲ್ಲಾ. ಈ ತಿಂಗ್ಳು ಆಡಿಟ್ ಇದೆ, ಮುಗೀಲಿ, ಒಂದಿನ ಖಂಡಿತಾ."

"ಆಗ್ಲಿ," ಅಂದ್ರು ಆಪಾ. "ಯಾವಾಗ್ಲಾದ್ರೂ ಬಾ."

ಮಧ್ಯಾಹ್ನ ತನಕ ಡಿಸ್ಕ್ ಮುಟ್ಲಿಲ್ಲ. ಬಟ್ಟೆ ಒಗೆದು ಒಣಗಾಕಿದ್ರು. ಜಹನಾರಾ ಬರಲ್ಲ ಅಂದ್ಮೇಲೆ ಯಾವತ್ತು ಅಳಿಸಿದ್ರು ಅಂತ ಕೇಳೋರು ಯಾರು? ಒಂದು ವಾರ ಬಿಟ್ಟು ಅಳಿಸಿದ್ರೂ ನಡೀತಿತ್ತು, ಅಳಿಸ್ದೇ ಇದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಸ್ಕ್ರೀನ್ ಮುಂದೆ ಕೂತು, ಹೆಡ್‌ಫೋನ್ ಹಾಕ್ಕೊಂಡು, ಡೋಲಕ್ ಭಾಗ ಒಂದ್ಸಲ ಓಡ್ಸಿದ್ರು. ಜಹನಾರಾ ಒಬ್ಬ ಮುದುಕೀನ ಎರಡೂ ಕೈ ಹಿಡ್ದು ಎಬ್ಸ್ತಿದ್ರು. ಮುದುಕಿ ಬೇಡ ಬೇಡ ಅಂತ ಎದ್ದು, ನಿಂತ್ಮೇಲೆ ಎಲ್ರಿಗಿಂತ ಚೆನ್ನಾಗಿ ಕುಣಿದ್ರು. ಆಪಾ ಪೂರ್ತಿ ನೋಡಿದ್ರು.

ಆಮೇಲೆ ಮುಚ್ಚಿ, ಆ ಗುಂಡಿ ಒತ್ತಿದ್ರು.

ಐವತ್ತು ಸೆಕೆಂಡು. ಸ್ಕ್ರೀನ್ ಮೇಲೆ ಬಂತು, ಒಂಬೈನೂರ ಮೂವತ್ತೊಂದು ಜಿಬಿ ಖಾಲಿ. ಎರಡು ಬೆರಳಲ್ಲಿ ಜಹನಾರಾಗೆ ಮೆಸೇಜ್ ಟೈಪ್ ಮಾಡಿದ್ರು, "ಅಳಿಸಿದೀನಿ." ಎರಡು ನೀಲಿ ಟಿಕ್ಕು, ಒಂದು ಹೆಬ್ಬೆಟ್ಟು ಬಂತು. ಕೆಳಗಡೆ ಅಲಿಯಾ ಸ್ಕೂಟರ್ ಹಾರ್ನ್ ಹೊಡೀತಿದ್ಲು, ಇನ್ನೊಂದು ಕವರ್ ಇಟ್ಕೊಂಡು. ಆಪಾ ದುಪಟ್ಟಾ ತಲೆ ಮೇಲೆ ಹಾಕ್ಕೊಂಡು ಎರಡು ಮಹಡಿ ಇಳ್ದ್ರು, ಅವ್ಳು ಸ್ಕೂಟರ್ ತಿರುಗ್ಸೋಕ್ ಮುಂಚೆ ಗೇಟ್ ತಲುಪ್ಬೇಕು, ಟೀಗೆ ಮೇಲೆ ಕರೀಬೇಕು ಅಂತ, ಸ್ವಲ್ಪ ಜೋರಾಗೇ.